ನೋಮ್ ಪೆನ್‌ನಲ್ಲಿ ನಾನು ಕೈಬಿಟ್ಟ ಪಟ್ಟಿ

ಕಾಂಬೋಡಿಯಾದ ಈ ರಾಜಧಾನಿಯಲ್ಲಿ ಬೆಳಿಗ್ಗೆ ತೂಲ್ ಸ್ಲೆಂಗ್, ಮಧ್ಯಾಹ್ನ ಚೋಂಗ್ ಏಕ್, ಸಂಜೆ ಅರಮನೆ. ಹೋಟೆಲಿನ ಹುಡುಗ ಹಾಕಿಕೊಟ್ಟ ಪಟ್ಟಿಗೆ ತಲೆಯಾಡಿಸಿ ಟುಕ್‌ಟುಕ್ ಹತ್ತಿದೆ. ಹನ್ನೊಂದು ಗಂಟೆಯೊಳಗೆ ಪಟ್ಟಿ ಬಿಟ್ಟುಹೋಯಿತು.

ತೂಲ್ ಸ್ಲೆಂಗ್ ಮೊದಲು ಹೈಸ್ಕೂಲು. ಇಲ್ಲಿನ ಖ್ಮೇರ್ ಭಾಷೆಯಲ್ಲಿ ಶಾಲೆಗೆ 'ಸಾಲಾ' ಅನ್ನುತ್ತಾರೆ. ನಮ್ಮ ಕಿವಿಗೆ ಅದನ್ನು ಅನುವಾದಿಸುವ ಅಗತ್ಯವೇ ಇಲ್ಲ. ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಡಳಿತದಲ್ಲಿ ಅದೇ ಎಸ್-21 ಎಂಬ ಸೆರೆಮನೆ. ತರಗತಿಗಳೊಳಗೆ ಇಟ್ಟಿಗೆ ಪೇರಿಸಿ ಮಲಗಲೂ ಸಾಲದಷ್ಟು ಕೋಣೆ ಕಟ್ಟಿದ್ದಾರೆ. ಕೆಲವು ಗೋಡೆಗಳಲ್ಲಿ ಕರಿಹಲಗೆ ಹಾಗೇ ಇದೆ. ಮಹಡಿಯಿಂದ ಹಾರಿ ಯಾರೂ ಸಾವನ್ನು ತಾವೇ ತಂದುಕೊಳ್ಳಬಾರದೆಂದು ಮೊಗಸಾಲೆಗೆ ಮುಳ್ಳುತಂತಿ. ಮಕ್ಕಳು ಕಸರತ್ತು ಮಾಡುತ್ತಿದ್ದ ಕಂಬವೇ ಚಿತ್ರಹಿಂಸೆಯ ಸಾಧನವಾಗಿತ್ತು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಇಲ್ಲಿಗೆ ಬಂದರು. ಬದುಕಿ ಹೊರಬಂದವರು ಬೆರಳೆಣಿಕೆಯಷ್ಟು. ಒಬ್ಬೊಬ್ಬ ಕೈದಿಯ ಫೋಟೊವನ್ನೂ ಸೆರೆಮನೆಯವರೇ ತೆಗೆದಿಟ್ಟಿದ್ದರು. ಸಾಲುಸಾಲು ಮುಖಗಳು. ಮೊದಲು ಒಂದೊಂದನ್ನೂ ನೋಡಿದೆ, ಆಮೇಲೆ ಬೇಗಬೇಗ ದಾಟತೊಡಗಿದೆ. ಹಾಗೆ ದಾಟುತ್ತಿದ್ದೇನೆಂದು ಗೊತ್ತಾದಾಗ ಹೊರಗೆ ಬಂದು ದೇವಕಣಗಿಲೆ ಮರದಡಿ ಕೂತೆ. ಇವತ್ತಿಗೆ ಇಷ್ಟೇ ಅಂದೆ.

ಆಡಿಯೋ ಗೈಡ್ ತೆಗೆದುಕೊಂಡದ್ದು ಒಳ್ಳೆಯದಾಯಿತು. ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಅಳು ಬಂದರೆ ಪಕ್ಕದಲ್ಲಿ ಗೈಡು ಕಾಯುತ್ತಿರುವುದಿಲ್ಲ.

ಮರುದಿನ ಬೇಗ ಹೊರಟು, ಸುಮಾರು 15 ಕಿಲೋಮೀಟರ್ ದೂರದ, ಆ ಕೈದಿಗಳನ್ನು ಕೊಂದು ಹೂಳುತ್ತಿದ್ದ ಚೋಂಗ್ ಏಕ್‌ಗೆ ಹೋದೆ. ರಾತ್ರಿ ಮಳೆಯಾಗಿತ್ತು. ಮಳೆ ಬಿದ್ದಾಗ ಮಣ್ಣಿನಿಂದ ಬಟ್ಟೆಯ ಚೂರು, ಮೂಳೆಯ ಚೂರು ಇನ್ನೂ ಮೇಲೆ ಬರುತ್ತವೆ. ಹಲಗೆ ಹಾಸಿದ ದಾರಿ ಬಿಟ್ಟು ಕಾಲಿಡಬಾರದು. ಗಾಜಿನ ಸ್ತೂಪದೊಳಗೆ ತಲೆಬುರುಡೆಗಳು. ಅಲ್ಲಿ ಫೋಟೊ ತೆಗೆಯಲು ನನಗೆ ಕೈ ಬರಲಿಲ್ಲ.

ನನ್ನ ಚಾಲಕರಿಗೆ ತಲೆ ಪೂರ್ತಿ ನರೆತಿತ್ತು. 1975ರ ಏಪ್ರಿಲ್ 17ರಂದು ಪೇಟೆ ಹಿಡಿದ ಖ್ಮೇರ್ ರೂಜ್, ಕೆಲವೇ ದಿನಗಳಲ್ಲಿ ಊರನ್ನೆಲ್ಲ ಹಳ್ಳಿಗಳಿಗೆ ಅಟ್ಟಿ ಖಾಲಿ ಮಾಡಿಸಿತ್ತು. 1979ರ ಜನವರಿ 7ರವರೆಗೂ ಆ ಆಳ್ವಿಕೆ. ಹಾಗಾಗಿ ಇಲ್ಲಿ ಐವತ್ತು ದಾಟಿದವರನ್ನು ಕಂಡರೆ ಮನಸ್ಸು ತಾನಾಗಿ ಲೆಕ್ಕ ಹಾಕುತ್ತದೆ. ನಾನು ಏನೂ ಕೇಳಲಿಲ್ಲ. ವಾಪಸು ಬರುವಾಗ ಕಬ್ಬಿನ ಹಾಲಿಗೆ ನಿಲ್ಲಿಸಿ ಅವರೇ, 'ಆಗ ನನಗೆ ಒಂಬತ್ತು ವರ್ಷ' ಅಂದರು. ಲೋಟ ಖಾಲಿ ಮಾಡಿ ಗಾಡಿ ಶುರು ಮಾಡಿದರು.

ಸಸ್ಯಾಹಾರಿಗಳಿಗೆ ಒಂದು ಮಾತು: ತರಕಾರಿ ಪಲ್ಯದಲ್ಲೂ ಮೀನಿನ ಸಾರ 'ತಕ್ ತ್ರೇಯ್' ಇರುತ್ತದೆ, ಮೊದಲೇ ಕೇಳಿ. ಡಾಲರ್ ನಡೆಯುತ್ತದೆ, ಆದರೆ ಹರಿದ ನೋಟು ಮುಟ್ಟುವುದಿಲ್ಲ. ಚಿಲ್ಲರೆ ಮಾತ್ರ ಇಲ್ಲಿನ ಹಣ ರಿಯಲ್‌ನಲ್ಲಿ. ಆ ನೋಟುಗಳ ಮೇಲಿನ ಖ್ಮೇರ್ ಅಂಕಿಗಳಲ್ಲಿ ಎರಡು, ಮೂರು ನಮ್ಮ ೨, ೩ಕ್ಕೆ ಅದೆಷ್ಟು ಹತ್ತಿರ! ಲೆಕ್ಕಕ್ಕಿಂತ ಅದನ್ನೇ ನೋಡುತ್ತಾ ನಿಂತು ಅಂಗಡಿಯವಳ ಬೇಸರ ಕಟ್ಟಿಕೊಂಡೆ.

ಸಂಜೆ ಅರಮನೆಗೆ ಹೋಗಲಿಲ್ಲ. ವಾಸ್ತುಶಿಲ್ಪಿ ವಾನ್ ಮೊಲಿವಾನ್ 1960ರ ದಶಕದಲ್ಲಿ ಕಟ್ಟಿದ ಒಲಿಂಪಿಕ್ ಸ್ಟೇಡಿಯಂಗೆ ಹೋದೆ. ಮೆಟ್ಟಿಲ ಸಾಲಿನ ಮೇಲಂಚಿನಲ್ಲಿ ಕಿವಿಗಡಚಿಕ್ಕುವ ಹಾಡು, ಅದಕ್ಕೆ ಹೆಜ್ಜೆ ಹಾಕುವ ಏರೋಬಿಕ್ಸ್ ಗುಂಪುಗಳು. ಹಿಂದಿನ ಸಾಲಿನಲ್ಲಿ ಸೇರಿಕೊಂಡೆ. ಪಕ್ಕದಲ್ಲಿದ್ದ ಹೆಂಗಸಿಗೆ ಅರವತ್ತಂತೂ ಆಗಿತ್ತು. ನನ್ನ ಕಾಲು ತಪ್ಪಿದಾಗ ಮೊಣಕೈ ತಟ್ಟಿ, ಎಡಗಾಲು, ಎಡಗಾಲು ಎಂದು ಸನ್ನೆ ಮಾಡಿದರು. ನಾನು ಮತ್ತೆ ಬಲಗಾಲನ್ನೇ ಇಟ್ಟೆ.