ಗಾಳಿ ತೂಗಲು ಸಿರಿಂಜ್ ಮತ್ತು ಒಂದು ಮೊಳೆ

ಅನಿಲಗಳ ತೂಕ ಹೋಲಿಸಬೇಕು ಅಂದ್ರೆ ಎಲ್ಲರಿಗೂ ಮೊದಲು ನೆನಪಾಗುವುದು ಬಲೂನು. ನಮ್ಮ ಪಿಯು ಲ್ಯಾಬಿನಲ್ಲಿ ನಾನು ಅದನ್ನು ಮುಟ್ಟುವುದೇ ಇಲ್ಲ. ಉಬ್ಬಿದ ಬಲೂನನ್ನು ಸುತ್ತಲಿನ ಗಾಳಿ ಮೇಲಕ್ಕೆ ತಳ್ಳುತ್ತಿರುತ್ತದೆ. ಒಳಗಿನ ಗಾಳಿಯ ತೂಕ ಹೆಚ್ಚುಕಡಿಮೆ ಅಲ್ಲಿಗಲ್ಲಿಗೇ ವಜಾ ಆಗುತ್ತದೆ. ಹೈಡ್ರೋಜನ್ ತುಂಬಿದರಂತೂ ತಕ್ಕಡಿ ಬಿಟ್ಟು ಸೂರಿಗೆ ಹೋಗಿ ಅಂಟಿಕೊಳ್ಳುತ್ತದೆ. ಹಾಗಂತ ಹೈಡ್ರೋಜನ್‌ಗೆ ತೂಕವೇ ಇಲ್ಲ ಅನ್ನೋಕಾಗುತ್ತಾ?

ನಾನು ಬಳಸುವುದು 60 ಎಂಎಲ್ ಸಿರಿಂಜ್. ಅದರ ಮೂತಿಗೆ ಡ್ರಿಪ್ ಹಾಕುವಾಗ ಸಿಕ್ಕಿಸುವ ತ್ರೀ-ವೇ ಎಂಬ ಪುಟ್ಟ ನಲ್ಲಿ. ಎರಡೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಪ್ಲಂಜರನ್ನು 60ರ ಗೆರೆಗೆ ಎಳೆದು, ಸಿರಿಂಜಿನ ಅಂಚಿಗೆ ಸರಿಯಾಗಿ ಪ್ಲಂಜರಿನ ಕಡ್ಡಿಗೆ ಕಾದ ಮೊಳೆಯಿಂದ ತೂತು ಮಾಡಿದ್ದೇನೆ.

“ಮೇಡಂ, ಖಾಲಿ ಸಿರಿಂಜ್ ಅಂದ್ರೆ ಒಳಗೆ ಗಾಳಿ ಇದ್ದೇ ಇರುತ್ತಲ್ಲಾ?” ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೇ ಮೊಳೆ. ಪ್ಲಂಜರನ್ನು ಪೂರ್ತಿ ಒಳಗೆ ತಳ್ಳಿ, ತ್ರೀ-ವೇ ಮುಚ್ಚಿ, ಹಲ್ಲು ಕಚ್ಚಿ ಎಳೆಯಬೇಕು. ಕೈ ಬಿಟ್ಟರೆ ಪಟ್ ಅಂತ ಒಳಗೆ ಹೋಗುತ್ತದೆ. ತೂತಿಗೆ ಮೊಳೆ ತೂರಿಸಿದರೆ ನಿಲ್ಲುತ್ತದೆ. ಈಗ ಒಳಗೆ ಏನೂ ಇಲ್ಲ. ಇದನ್ನು ತೂಗಿ, ಆಮೇಲೆ ಅನಿಲ ತುಂಬಿ, ಅದೇ ಮೊಳೆ ಸಮೇತ ಮತ್ತೆ ತೂಗಬೇಕು. ಎರಡು ಸಲವೂ ಹೊರಗಿನ ಗಾತ್ರ ಒಂದೇ. ಹಾಗಾಗಿ ಗಾಳಿಯ ತಳ್ಳಾಟವೂ ಒಂದೇ, ಕಳೆದಾಗ ಹೊರಟುಹೋಗುತ್ತದೆ. 1840ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ರೆನ್ಯೋ ಒಂದೇ ಗಾತ್ರದ ಎರಡು ಗಾಜಿನ ಬುರುಡೆಗಳನ್ನು ತಕ್ಕಡಿಯ ಎರಡೂ ಕಡೆ ತೂಗುಹಾಕಿದ್ದು ಇದೇ ಕಾರಣಕ್ಕೆ.

ಇಂಗಾಲದ ಡೈಆಕ್ಸೈಡ್‌ಗೆ ಅಡುಗೆ ಸೋಡಾ ಮತ್ತು ವಿನೆಗರ್ ಸಾಕು. ಮೊದಲು ಬರುವುದರಲ್ಲಿ ಬಾಟಲಿಯ ಗಾಳಿ ಬೆರೆತಿರುತ್ತದೆ, ಅದನ್ನು ಬಿಟ್ಟುಬಿಡಿ. ಕ್ಯಾಲ್ಸಿಯಂ ಕ್ಲೋರೈಡ್ ಮೂಲಕ ಹಾಯಿಸಿದರೆ ತೇವ ಹೋಗುತ್ತದೆ. ಬ್ಯೂಟೇನ್ ಲೈಟರ್ ರೀಫಿಲ್‌ನಿಂದ. ಆಗ ಕಿಟಕಿ ತೆರೆದಿರಬೇಕು, ಬರ್ನರ್ ಉರಿಯಬಾರದು. ತಕ್ಕಡಿ 1 ಮಿಲಿಗ್ರಾಂ ತೋರಿಸುವಂಥದ್ದಾದರೆ ಒಳ್ಳೆಯದು. ಫ್ಯಾನ್ ಆಫ್ ಮಾಡಿ, ಸಿರಿಂಜನ್ನು ಒರೆಸಿಯೇ ಇಡಬೇಕು. ಬೆರಳಿನ ಬೆವರೂ ಲೆಕ್ಕಕ್ಕೆ ಬರುತ್ತದೆ!

ಬೆಂಗಳೂರಿನಲ್ಲಿ 25 ಡಿಗ್ರಿಯಲ್ಲಿ ಗಾಳಿ ಸುಮಾರು 65 ಮಿಲಿಗ್ರಾಂ, ಇಂಗಾಲದ ಡೈಆಕ್ಸೈಡ್ 98, ಬ್ಯೂಟೇನ್ 130ರ ಆಸುಪಾಸು ಬರಬೇಕು. ಪುಸ್ತಕದ ಲೆಕ್ಕ ಹಿಡಿದು ಕೂತ ಹುಡುಗರಿಗೆ ಎಲ್ಲವೂ ಹತ್ತರಲ್ಲೊಂದು ಪಾಲು ಕಡಿಮೆ ಕಾಣುತ್ತದೆ. ನಮ್ಮೂರು ಇರುವುದು 900 ಮೀಟರಿಗೂ ಎತ್ತರದಲ್ಲಿ, ಒತ್ತಡವೇ ಕಡಿಮೆ ಅಲ್ವಾ? ಅನುಪಾತ ಮಾತ್ರ ಕದಲುವುದಿಲ್ಲ. 98ನ್ನು 65ರಿಂದ ಭಾಗಿಸಿದರೂ 1.5, ಇಂಗಾಲದ ಡೈಆಕ್ಸೈಡ್‌ನ ಅಣುತೂಕ 44ನ್ನು ಗಾಳಿಯ ಸರಾಸರಿ ಅಣುತೂಕ 29ರಿಂದ ಭಾಗಿಸಿದರೂ 1.5. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ ಎಂದು 1811ರಲ್ಲಿ ಇಟಲಿಯ ವಿಜ್ಞಾನಿ ಅವೊಗಾಡ್ರೋ ಹೇಳಿದ್ದನ್ನು ಬೋರ್ಡಿಗೆ ಬರೆಯುವುದು ಆಮೇಲೆ. ಮೊದಲೇ ಬರೆದರೆ ಸುಮ್ನೆ ಬಾಯಿಪಾಠ ಮಾಡುತ್ತಾರೆ.

ಹೈಡ್ರೋಜನ್ ಮಾತ್ರ ಸತಾಯಿಸುತ್ತದೆ. 60 ಎಂಎಲ್‌ಗೆ ಐದು ಮಿಲಿಗ್ರಾಮೂ ಇಲ್ಲ. ನಾಲ್ಕು ಎಂಎಲ್ ಗಾಳಿ ಸೇರಿಕೊಂಡರೂ ಉತ್ತರ ಹೆಚ್ಚುಕಡಿಮೆ ದುಪ್ಪಟ್ಟು. ಅದನ್ನು ನಾನು ಅಂಕಕ್ಕೆ ಇಡುವುದಿಲ್ಲ.