ಕಾರಿನಿಂದ ಒಂದೂವರೆ ಮೈಲಿಯಲ್ಲಿ ಎಲ್ಕ್ ಸಿಕ್ಕಿತು

"ರಸ್ತೆ ಹತ್ತಿರ ಎಲ್ಕ್ ಎಲ್ಲಿರುತ್ತೆ ಮಾರಾಯ? ಐದಾರು ಮೈಲಿ ಒಳಗೆ ಹೋಗದಿದ್ರೆ ಟ್ಯಾಗ್ ದುಡ್ಡು ದಂಡ." ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿ ನನ್ನ ಜೊತೆ ಬಾಣ ಬಿಡುವ ಗೆಳೆಯರು ಎರಡು ವರ್ಷ ಇದನ್ನೇ ಹೇಳಿದರು. ಎಲ್ಕ್ ಅಂದರೆ ಕಡವೆಯಂಥ ದೊಡ್ಡ ಜಿಂಕೆ, ಟ್ಯಾಗ್ ಅಂದರೆ ಅದರ ಶಿಕಾರಿಗೆ ಸರ್ಕಾರ ಕೊಡುವ ಪರವಾನಗಿ. ಮೂರನೇ ವರ್ಷ ಸುಮಾರು 70 ಕೆಜಿ ಮಾಂಸ ಸಿಕ್ಕಿತು. ಕಾರಿನಿಂದ ಒಂದೂವರೆ ಮೈಲಿಯೂ ಇಲ್ಲದ ಜಾಗದಲ್ಲಿ ಹೊಡೆದದ್ದು.

ಮೊದಲ ಸೆಪ್ಟೆಂಬರ್‌ನಲ್ಲಿ ನಾನೂ ಎಲ್ಲರ ಮಾತು ಕೇಳಿ ಫ್ಲಾಟ್ ಟಾಪ್ಸ್ ಅನ್ನುವ ಬೆಟ್ಟಗಾಡಿನ ಕಡೆ ಆರು ಮೈಲಿ ಒಳಗೆ ಹೋದೆ. ಬೆನ್ನ ಮೇಲೆ 50 ಪೌಂಡ್ ಚೀಲ. ಡೆನ್ವರ್‌ನಿಂದ ಹೊರಟ ದಿನವೇ ಹತ್ತು ಸಾವಿರ ಅಡಿ ಮೇಲೆ ಮಲಗಿದೆ. ತಲೆನೋವು, ವಾಂತಿ. ಎರಡು ದಿನ ಟೆಂಟ್‌ನಲ್ಲೇ ಕಳೆಯಿತು. ಮೂರನೇ ಬೆಳಿಗ್ಗೆ ಗಂಡು ಎಲ್ಕ್ ಕೂಗಿದ್ದು ಕೇಳಿತು. ಆಗಲೇ ಲೆಕ್ಕ ಹಾಕಿದೆ. ಹೊಡೆದರೆ ನಾಲ್ಕು ಸಲ ಹೊರಬೇಕು. ಹೋಗಿ ಬರುವುದು ಒಟ್ಟು 48 ಮೈಲಿ. ಮಧ್ಯಾಹ್ನದ ಬಿಸಿಲು 20 ಡಿಗ್ರಿ ದಾಟುತ್ತಿತ್ತು. ಮಾಂಸ ಕೆಡದೇ ಇರುತ್ತದಾ? ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಕೊಲರಾಡೋದಲ್ಲಿ ಅಪರಾಧ. ನನ್ನ ಮನಸ್ಸಿಗೂ ಅದು ಒಪ್ಪದ ಕೆಲಸ. ಬಿಲ್ಲು ಎಳೆಯದೇ ವಾಪಸ್ ಬಂದೆ.

ಎರಡನೇ ವರ್ಷ ಪ್ಲಾನನ್ನು ತಲೆಕೆಳಗು ಮಾಡಿದೆ. ಎಲ್ಕ್ ಎಲ್ಲಿದೆ ಅಂತ ಮೊದಲು ಹುಡುಕಲೇ ಇಲ್ಲ. ಮಾರನೇ ಮಧ್ಯಾಹ್ನದೊಳಗೆ ಒಬ್ಬನೇ ಮೂರು ಹೊರೆಯಲ್ಲಿ ಎಲ್ಲಿಂದ ಮಾಂಸ ಇಳಿಸಬಲ್ಲೆ? ಆ ಜಾಗಗಳಿಗೆ ಮಾತ್ರ ಮ್ಯಾಪ್‌ನಲ್ಲಿ ಬಣ್ಣ ಹಾಕಿದೆ. ಒಂದೂವರೆ ಮೈಲಿ ಒಳಗಿರಬೇಕು. ಕಾರು ಕೆಳಗಿರಬೇಕು, ಶಿಕಾರಿ ಮೇಲಾಗಬೇಕು. ಹತ್ತುವಾಗ ಬರಿಗೈ, ಇಳಿಯುವಾಗ ಹೊರೆ. ಆಮೇಲೆ ಅದರಲ್ಲಿ ಉತ್ತರಕ್ಕೆ ಮುಖ ಮಾಡಿದ ದಟ್ಟ ಕಾಡು, ನೀರು, ಕಾಲುದಾರಿ ಇಲ್ಲದ ಕಡಿದಾದ ಗುಡ್ಡ. ಹನ್ನೊಂದು ಜಾಗ ಉಳಿಯಿತು. ಜೂನ್-ಜುಲೈನಲ್ಲಿ ಏಳನ್ನು ನಡೆದು ನೋಡಿದೆ. ಕೊನೆಯ ಎರಡರಲ್ಲಿ ಒಂದನ್ನು ಹೇಗೆ ಆರಿಸಿದೆ ಅಂತ ಇಲ್ಲಿ ಹೇಳುವುದಿಲ್ಲ, ಬೇಜಾರು ಮಾಡ್ಕೋಬೇಡಿ. ಇಷ್ಟು ಹೇಳಬಲ್ಲೆ: ಅಲ್ಲಿ ಕಾರು ನಿಲ್ಲಿಸಿದವರೆಲ್ಲ ಕೆರೆಯ ದಾರಿ ಹಿಡಿದು ಹೋಗುತ್ತಾರೆ. ಹಿಂದಿನ ಗುಡ್ಡದ ಕಡೆ ತಿರುಗಿಯೂ ನೋಡುವುದಿಲ್ಲ. ಸಾವಿರ ಅಡಿ ಹತ್ತಿದರೆ ಜಗಲಿಯಂಥ ಒಂದು ಸಮತಟ್ಟು, ಅದರಲ್ಲಿ ಎಲ್ಕ್ ಹೊರಳಾಡುವ ಕೆಸರುಗುಂಡಿ.

ಜಾಗ ಸರಿಯಿತ್ತು, ಗಾಳಿ ಕೈಕೊಟ್ಟಿತು. ಆ ವರ್ಷ ಒಂದೇ ವಾರದಲ್ಲಿ ಎರಡು ಸಲ 40 ಗಜಕ್ಕೆ ಬಂದ ಎಲ್ಕ್ ನನ್ನ ವಾಸನೆ ಹಿಡಿದು ಓಡಿಹೋಯಿತು. ಎರಡೂ ಸಲ ಕತ್ತಿನ ಹಿಂಭಾಗಕ್ಕೆ ತಣ್ಣಗೆ ಗಾಳಿ ಸೋಕಿದ್ದು ನೆನಪಿದೆ.

ಬೆಳಿಗ್ಗೆ ಗಾಳಿ ಗುಡ್ಡದ ಮೇಲಿಂದ ಕೆಳಗೆ ಇಳಿಯುತ್ತೆ, ಬಿಸಿಲೇರಿದ ಮೇಲೆ ಹತ್ತುತ್ತೆ, ಸಂಜೆ ಮತ್ತೆ ಇಳಿಯುತ್ತೆ. ಇದು ಶಿಕಾರಿ ಮಾಡುವವರಿಗೆಲ್ಲ ಗೊತ್ತು. ನನ್ನ ಗುಡ್ಡದಲ್ಲಿ ಎಷ್ಟು ಗಂಟೆಗೆ ತಿರುಗುತ್ತೆ ಅನ್ನುವುದು ನನಗೆ ಬೇಕಿತ್ತು. ಗಾಳಿಯ ದಿಕ್ಕು ನೋಡಲು ಹಾರಿಸುವ ಅಂಗಡಿಯ ಪುಡಿ ಮಾರು ದೂರ ಹೋಗಿ ಮಾಯವಾಗುತ್ತದೆ. ಮನೆಯಲ್ಲಿದ್ದ ವಿಭೂತಿಯನ್ನೂ ತುಂಬಿ ನೋಡಿದೆ. ತೇವಕ್ಕೆ ಗಂಟುಕಟ್ಟಿತು. ಕೊನೆಗೆ ಕೈಹಿಡಿದದ್ದು ಮಿಲ್ಕ್‌ವೀಡ್. ನಮ್ಮ ಎಕ್ಕದ ಗಿಡದ ಕುಟುಂಬದ್ದೇ. ಕಾಯಿ ಒಡೆದರೆ ಅದೇ ರೇಷ್ಮೆಯಂಥ ಎಳೆ. ತೀರ್ಥಹಳ್ಳಿಯಲ್ಲಿ ಚಿಕ್ಕವನಿದ್ದಾಗ ಊದಿ ಹಾರಿಸಿ, ಹಿಂದೆ ಓಡಿದ್ದು ನೆನಪಾಯಿತು. ಒಂದು ಎಳೆ ಬಿಟ್ಟರೆ 50-60 ಗಜ ತೇಲುತ್ತದೆ. ಎಲ್ಲಿ ತಿರುಗಿತು, ಎಲ್ಲಿ ಸುಳಿಗೆ ಸಿಕ್ಕಿತು, ಎಲ್ಲಾ ಕಣ್ಣಿಗೆ ಕಾಣುತ್ತದೆ. ಹಿಂದಿನ ವರ್ಷವೇ ರಸ್ತೆ ಬದಿಯ ಚರಂಡಿ ಪಕ್ಕ ಕಾಯಿ ಕಿತ್ತಿಟ್ಟುಕೊಳ್ಳಬೇಕು. ಖರ್ಚು ಸೊನ್ನೆ.

ಮುಂದಿನ ಆಗಸ್ಟ್‌ನಲ್ಲಿ ನಾಲ್ಕು ವಾರಾಂತ್ಯ ಆ ಗುಂಡಿಯಿಂದ ದೂರವೇ ಕೂತು, ಅರ್ಧ ಗಂಟೆಗೊಂದು ಎಳೆ ಬಿಟ್ಟು ನೋಟ್‌ಬುಕ್‌ನಲ್ಲಿ ಬರೆದೆ. ಅಲ್ಲಿ ನೆರಳು ಬೇಗ ಬೀಳುತ್ತದೆ. ಹಾಗಾಗಿ ಸಂಜೆ ಐದರ ಹೊತ್ತಿಗೇ ಗಾಳಿ ಇಳಿಯತೊಡಗುತ್ತದೆ. ಎದುರು ಗುಡ್ಡದಲ್ಲಿ ಆರೂವರೆ ಆಗುತ್ತದೆ. ಈ ಒಂದೂವರೆ ಗಂಟೆಯ ವ್ಯತ್ಯಾಸ ಯಾರೂ ನನಗೆ ಹೇಳಿಕೊಟ್ಟದ್ದಲ್ಲ.

ಮೂರನೇ ವರ್ಷ ಮೊದಲ ರಾತ್ರಿ ಕೆಳಗೆ 8,000 ಅಡಿಯಲ್ಲಿ ಮಲಗಿದೆ. ತಲೆನೋವು ಬರಲಿಲ್ಲ. ಸೆಪ್ಟೆಂಬರ್ ನಡುವಿನ ಒಂದು ಸಂಜೆ ಗುಂಡಿಯ ಕೆಳಬದಿ ಬಿದ್ದ ಮರಕ್ಕೊರಗಿ ಮಂಡಿಯೂರಿದ್ದೆ. ಎಲ್ಕ್ ಕರೆಯಲು ಕೂಗು ಹಾಕಲಿಲ್ಲ, ಸೀಟಿ ಊದಲಿಲ್ಲ. ಐದು ಗಂಟೆಗೆ ಬಿಟ್ಟ ಎಳೆ ಮುಖದ ಪಕ್ಕದಿಂದ ಹಿಂದಕ್ಕೆ ಇಳಿದು ಹೋಯಿತು. ಐದೂಮುಕ್ಕಾಲಿಗೆ ಮೂರು ಹೆಣ್ಣು ಬಂದವು. ನನ್ನದು ಗಂಡು-ಹೆಣ್ಣು ಯಾವುದಾದರೂ ಸರಿ ಅನ್ನುವ ಟ್ಯಾಗ್. ಎರಡನೆಯದು 28 ಗಜದಲ್ಲಿ ಅಡ್ಡ ನಿಂತಿತು. ಕೆಸರಲ್ಲಿ ಕಾಲಿಟ್ಟ ಚಪ್ ಚಪ್ ಸದ್ದು ಇನ್ನೂ ಕಿವಿಯಲ್ಲಿದೆ. ಬಾಣ ಬಿಟ್ಟೆ. ಒಂದು ಗಂಟೆ ಕಾದು ರಕ್ತದ ಜಾಡು ಹಿಡಿದೆ. ನೂರು ಗಜದೊಳಗೆ ಮಲಗಿತ್ತು. ಹತ್ತಿರ ಕೂತು ಕೈಮುಗಿದೆ.

ಹೆಡ್‌ಲ್ಯಾಂಪ್ ಬೆಳಕಲ್ಲಿ ಹೊಟ್ಟೆ ಬಗೆಯದೆಯೇ ನಾಲ್ಕು ಕಾಲು, ಬೆನ್ನಿನ ಮಾಂಸ, ಒಳಗಿನ ಎಳೆಮಾಂಸ ಬಿಡಿಸಿದೆ. ಹೆಣ್ಣು ಅನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಕತ್ತಲಲ್ಲಿ ಮರೆತೀರಿ. ರಾತ್ರಿ ಒಂದು ಹೊರೆ ಇಳಿಸಿದೆ. ಉಳಿದದ್ದನ್ನು ಮರಕ್ಕೆ ಎತ್ತಿ ಕಟ್ಟಿ, ಬೆಳಿಗ್ಗೆ ಎರಡು ಹೊರೆ. ಹನ್ನೊಂದಕ್ಕೆ ಎಲ್ಲಾ ಐಸ್ ಪೆಟ್ಟಿಗೆಯಲ್ಲಿತ್ತು.

ದುಡ್ಡಿನ ಮಾತು. ಕೊಲರಾಡೋ ನಿವಾಸಿಗೆ ಟ್ಯಾಗ್ 60-70 ಡಾಲರ್, ಹೊರಗಿನವರಿಗೆ 800ರ ಆಸುಪಾಸು. 2025ರಿಂದ ಐ-25 ಹೆದ್ದಾರಿಯ ಪಶ್ಚಿಮಕ್ಕೆ ಹೊರರಾಜ್ಯದವರಿಗೆ ಬಿಲ್ಲಿನ ಎಲ್ಕ್ ಟ್ಯಾಗ್ ಅಂಗಡಿಯಲ್ಲಿ ಸಿಗುವುದಿಲ್ಲ, ಏಪ್ರಿಲ್‌ನ ಡ್ರಾಗೆ, ಅಂದರೆ ಲಾಟರಿಗೆ, ಅರ್ಜಿ ಹಾಕಬೇಕು. ಹಳೇ ಕಾಂಪೌಂಡ್ ಬಿಲ್ಲು 450, ಸೆಕೆಂಡ್ ಹ್ಯಾಂಡ್ ಚೀಲ 200, ಬೂಟು 280. ಮೂರು ವರ್ಷದ್ದು ಪೆಟ್ರೋಲ್ ಸೇರಿ ಎರಡೂವರೆ ಸಾವಿರ ಆಗಿರಬಹುದು. ಒಬ್ಬ ಗೈಡ್ ಒಂದೇ ವಾರಕ್ಕೆ ಏಳು ಸಾವಿರ ಕೇಳಿದ್ದ. ನಾನು ದಂಡ ಮಾಡಿಕೊಂಡದ್ದು ಮರೆಮಾಚುವ ಬಟ್ಟೆಗೆ ಕೊಟ್ಟ 350. ಬೂಟಿಗೆ ಮಾತ್ರ ಜಿಪುಣತನ ಬೇಡ.

ಅಭ್ಯಾಸಕ್ಕೆ ಒಂದು ಮಾತು. ದಿನಾ ನೂರು ಬಾಣ ಬಿಡುವುದನ್ನು ನಿಲ್ಲಿಸಿದೆ. ಬೆಳಿಗ್ಗೆ ಮೈ ಬಿಸಿಯಾಗುವ ಮುಂಚೆ, ಮಂಡಿಯೂರಿ, ಒಂದೇ ಬಾಣ. ಅದು ತಪ್ಪಿದರೆ ಆ ದಿನ ತಪ್ಪಿದ ಹಾಗೆ ಅಂತ ಬರೆದಿಡುತ್ತಿದ್ದೆ. ಕಾಡಿನಲ್ಲಿ ಸಿಗುವುದು ಆ ಮೊದಲ ಬಾಣ ಮಾತ್ರ ಅಲ್ವಾ? ಕೊನೆಯ 60 ದಿನದಲ್ಲಿ ತಪ್ಪಿದ್ದು ನಾಲ್ಕೋ ಐದೋ.

ಬುತ್ತಿಯಲ್ಲೂ ಪ್ರಯೋಗ ನಡೆಯಿತು. ಪ್ಯಾಕೆಟ್ ಊಟ ಒಂದಕ್ಕೆ 12-13 ಡಾಲರ್, ರುಚಿಯೂ ಇಲ್ಲ. ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಹುರಿಗಡಲೆ ತಗೊಂಡು ಹೋದೆ. ಒಲೆಯೇ ಬೇಕಾಗಲಿಲ್ಲ. ಒಗ್ಗರಣೆಯ ಇಂಗಿನ ವಾಸನೆ ಮಾತ್ರ ಕಷ್ಟ, ಹಾಗಾಗಿ ಇಂಗಿಲ್ಲದ ಪುಡಿ.

ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮುಂಚೆ ಅಜ್ಜ ಶಿಕಾರಿಗೆ ಹೋಗುತ್ತಿದ್ದರಂತೆ. ಬಂದವರಿಗೆಲ್ಲ ಪಾಲು ಹಾಕುತ್ತಿದ್ದರು. ನಾನೂ ಐದು ಪಾಲು ಹಾಕಿದೆ. ಎಲ್ಕ್ ಮಾಂಸದಲ್ಲಿ ಕೊಬ್ಬು ಕಡಿಮೆ. ಭುಜದ ಮಾಂಸಕ್ಕೆ ಕಾಳುಮೆಣಸು, ಕಾಚಂಪುಳಿ, ಎರಡು ಚಮಚ ತುಪ್ಪ ಹಾಕಿ ಕುಕ್ಕರ್‌ನಲ್ಲಿ ಹತ್ತು ಸೀಟಿ ಕೂಗಿಸಿ. ಆರಕ್ಕೆ ಇಳಿಸಿದರೆ ರಬ್ಬರ್. ಪಾಲು ತಗೊಂಡು ಹೋದ ಗೆಳೆಯರಲ್ಲಿ ಇಬ್ಬರು ಮುಂದಿನ ಆಗಸ್ಟ್‌ಗೆ ನೋಟ್‌ಬುಕ್ ಹಿಡಿದು ಬರುತ್ತೇವೆ ಅಂದಿದ್ದಾರೆ. ಕರೆದುಕೊಂಡು ಹೋಗುತ್ತೇನೆ, ಬೇರೆ ಗುಡ್ಡಕ್ಕೆ.