ಮೂರು ದಿನ ಕರೆಂಟಿಲ್ಲ, ಆದರೂ ಒಂದೂ ಮೀಟಿಂಗ್ ತಪ್ಪಲಿಲ್ಲ: ನನ್ನ ಅನುಭವ

ಈ ಸಲ ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಹೆಚ್ಚು ಕಡಿಮೆ ಮೂರು ದಿನ ಕರೆಂಟಿರಲಿಲ್ಲ. ನನ್ನ ಒಂದು ಮೀಟಿಂಗೂ ತಪ್ಪಲಿಲ್ಲ. ಶಿರಸಿ–ಸಿದ್ದಾಪುರದ ನಡುವಿನ ಹಳ್ಳಿಯಲ್ಲಿ ಕೂತು ಅಮೆರಿಕದವರ ಕೆಲಸ ಮಾಡ್ತೇನೆ ಅಂದಾಗ ಯಾರೂ ನಂಬಿರಲಿಲ್ಲ. ‘ಇದೆಲ್ಲ ಆಪ ಹೋಪ ಕೆಲ್ಸ ಅಲ್ದೋ ತಮಾ’ (ಆಗಿಹೋಗುವ ಕೆಲಸ ಅಲ್ಲವೋ ತಮ್ಮಾ) ಅಂದಿದ್ದ ದೊಡ್ಡಪ್ಪ. ಬೆಂಗಳೂರಿನ ಗೆಳೆಯರು ಜೂನ್ ಬರಲಿ, ನೀನೇ ಬಸ್ ಹತ್ತುತ್ತೀಯ ಅಂದಿದ್ದರು. ಹತ್ತಲಿಲ್ಲ.

2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವರೆಲ್ಲ ಮಾಡಿದ್ದನ್ನೇ ನಾನೂ ಮೊದಲು ಮಾಡಿದೆ. ಒಂದು ಇನ್ವರ್ಟರ್, 150 ಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಟ್ಯೂಬ್ಯುಲರ್ ಬ್ಯಾಟರಿ. 23–24 ಸಾವಿರ ಆಗಿರಬೇಕು. ಲೆಕ್ಕದ ಪ್ರಕಾರ ಲ್ಯಾಪ್‌ಟಾಪಿಗೆ ಇಡೀ ದಿನ ಸಾಕು. ಆದರೆ ಅದೇ ಬ್ಯಾಟರಿಯ ಮೇಲೆ ಆಯಿಯ ಟಿವಿ, ಫ್ಯಾನು, ಹಿತ್ತಲ ಲೈಟು ಎಲ್ಲ ಇದ್ದವು. ಜೊತೆಗೆ ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜ್ 150ಕ್ಕೆ ಇಳಿಯುತ್ತದೆ. ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿದ್ದರೆ ಸುಮಾರು 180ರ ಕೆಳಗೆ ಲೈನನ್ನೇ ಒಪ್ಪುವುದಿಲ್ಲ. ಕರೆಂಟಿದ್ದೂ ಬ್ಯಾಟರಿ ಖಾಲಿ! ಹಿಂಬದಿಯ ಸ್ವಿಚ್ಚನ್ನು ಕಡಿಮೆ ವೋಲ್ಟೇಜನ್ನೂ ಒಪ್ಪುವ ವೈಡ್ ಮೋಡಿಗೆ ಹಾಕಿದ ಮೇಲೆ ಚಾರ್ಜ್ ಆಗತೊಡಗಿತು. ಲ್ಯಾಪ್‌ಟಾಪ್ ಚಾರ್ಜರಿಗೆ ಹೇಗೂ 100ರಿಂದ 240 ನಡೆಯುತ್ತದೆ, ಹೆದರಬೇಕಿಲ್ಲ. ಫ್ರಿಜ್ಜನ್ನು ಮಾತ್ರ ಆ ಲೈನಿಗೆ ಹಾಕಬೇಡಿ.

ಆಮೇಲೆ ಸಿಡಿಲು. ನಮ್ಮಲ್ಲಿ ಏಪ್ರಿಲ್–ಮೇ ಸಂಜೆ ಮತ್ತು ಅಕ್ಟೋಬರ್ ಸಂಜೆ ಗುಡುಗು ಜಾಸ್ತಿ. ನನ್ನ ಕಾಲ್‌ಗಳೂ ಅದೇ ಹೊತ್ತಿಗೆ. ನ್ಯೂಯಾರ್ಕಿನವರ ಬೆಳಗಿನ 9 ಅಂದರೆ ಮಾರ್ಚಿನಿಂದ ನಮಗೆ ಸಂಜೆ 6:30, ನವೆಂಬರಿನಿಂದ 7:30. ಪ್ಲಗ್ ಕಿತ್ತಿಟ್ಟರೆ ಕೆಲಸ ನಿಲ್ಲುತ್ತದೆ, ಕೀಳದಿದ್ದರೆ ಮೋಡೆಮ್ ಸುಡುತ್ತದೆ. ಮೂರೋ ನಾಲ್ಕೋ ಮೋಡೆಮ್ ಹೋದವು, ಒಂದೊಂದಕ್ಕೆ 1,500ರಿಂದ 2,000. ನಮ್ಮ ಇಂಟರ್ನೆಟ್ ಫೈಬರಿನದು, ಅದರಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಸಿಡಿಲು ಬಂದದ್ದು ಅಡಾಪ್ಟರಿನ ದಾರಿಯಲ್ಲಿ.

ಕರೆಂಟು ಹೋಗುವುದು, ಸಿಡಿಲು, ಎರಡಕ್ಕೂ ಒಂದೇ ಮದ್ದು ಸಿಕ್ಕಿತು. ಮೋಡೆಮ್ ಮತ್ತು ರೂಟರನ್ನು ಮನೆಯ ವೈರಿಂಗಿನಿಂದ ಪೂರ್ತಿ ಬಿಡಿಸಿ 12.8 ವೋಲ್ಟಿನ 30 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಕಟ್ಟಿದೆ. ಎರಡೂ ಸೇರಿ ಎಳೆಯುವುದು ಹೆಚ್ಚೆಂದರೆ 15 ವ್ಯಾಟ್. ಒಂದು ಹಗಲು, ಒಂದು ರಾತ್ರಿ ಆರಾಮಾಗಿ ಬರುತ್ತದೆ. ಇನ್ವರ್ಟರ್ ಸುಮ್ನೆ ಆನ್ ಆಗಿದ್ದರೂ ಅದೇ ಹತ್ತಿಪ್ಪತ್ತು ವ್ಯಾಟ್ ತಿನ್ನುತ್ತದೆ ಅನ್ನುವುದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಈ ಬ್ಯಾಟರಿಗೆ ಚಾರ್ಜರ್ ಸೇರಿ ಆರೇಳು ಸಾವಿರ ಆಯಿತು. ಬ್ಯಾಟರಿ ಮತ್ತು ಮೋಡೆಮಿನ ನಡುವೆ 12 ವೋಲ್ಟಿಗೆ ನಿಲ್ಲಿಸುವ ಕನ್ವರ್ಟರ್ ಇರಲೇಬೇಕು. ಚಾರ್ಜ್ ಆಗುವಾಗ ಬ್ಯಾಟರಿ 14 ದಾಟುತ್ತದೆ. ಈಗ ಮೋಡ ಕಪ್ಪಾದ ಕೂಡಲೇ ಗೋಡೆಯಿಂದ ಚಾರ್ಜರಿನ ಪ್ಲಗ್ ಕಿತ್ತು ಮೇಜಿನ ಮೇಲಿಡುತ್ತೇನೆ. ಹೊರಗೆ ಗುಡುಗುತ್ತಿರುತ್ತದೆ, ಒಳಗೆ ಮಾತು ನಡೆದಿರುತ್ತದೆ.

ಇಷ್ಟಾದರೂ ತೊಂದರೆ ಮುಗಿಯಲಿಲ್ಲ. ಮನೆಯಲ್ಲಿ ಎಲ್ಲ ಉರಿಯುತ್ತಿದೆ, ಮೋಡೆಮಿನ ಎಲ್‌ಒಎಸ್ ಲೈಟು (ಸಿಗ್ನಲ್ ಇಲ್ಲ ಅಂತ ತೋರಿಸುವುದು) ಮಾತ್ರ ಕೆಂಪು. ಎಲ್ಲರೂ ಕೇಬಲ್ ಕಡಿದಿದೆ ಅಂದುಕೊಳ್ಳುತ್ತಾರೆ. ಮಳೆಯಲ್ಲಿ ಕೊಡೆ ಹಿಡಿದು ಕಂಬದಿಂದ ಕಂಬಕ್ಕೆ ಲೈನ್ ನೋಡುತ್ತಾ ನಡೆದೆ, ಎಲ್ಲೂ ಕಡಿದಿರಲಿಲ್ಲ. ಕೆಳಗಿನ ಪೇಟೆಯಲ್ಲಿ ಓಎಲ್‌ಟಿ ಪೆಟ್ಟಿಗೆಯೇ (ನಮ್ಮ ಫೈಬರ್ ಲೈನುಗಳೆಲ್ಲ ಹೊರಡುವ ಯಂತ್ರ) ಕರೆಂಟಿಲ್ಲದೆ ಸತ್ತಿತ್ತು. ಅಲ್ಲಿನ ಬ್ಯಾಟರಿ ಹಳೆಯದು, ಎರಡು ಗಂಟೆಗೆ ಮುಗಿಯುತ್ತಿತ್ತು. ಊರಲ್ಲಿ ಕೂತು ಕೆಲಸ ಮಾಡುವ ನಾವೆಲ್ಲ ಮನೆಯೊಳಗೆ ಸಾವಿರಾರು ಸುರಿದಿದ್ದೇವೆ, ಆ ತುದಿಯನ್ನು ಮಾತ್ರ ಯಾರೂ ನೋಡಿಲ್ಲ!

ಇಂಟರ್ನೆಟ್ ಲೈನ್ ನಡೆಸುವ ಹುಡುಗನ ಹತ್ತಿರ ಮಾತಾಡಿದೆ. ಅವನಿಗೆ ಒಬ್ಬನೇ ಹೊಸ ಬ್ಯಾಟರಿ ಹಾಕುವಷ್ಟು ದುಡ್ಡಿರಲಿಲ್ಲ. ಸುತ್ತಲ ಏಳೆಂಟು ಮನೆಯಿಂದ ಮೂರು ಮೂರು ಸಾವಿರ ಎತ್ತಿದೆವು. ‘ಅವರ ಪೆಟ್ಟಿಗೆಗೆ ನಾವ್ಯಾಕೆ ದುಡ್ಡು ಹಾಕಬೇಕು’ ಅಂತ ವಾದ ಮಾಡಿದವರೂ ಇದ್ದರು. ನಾನು ಬಿಡಲಿಲ್ಲ. ಒಂದು ದಿನದ ರಜೆಗೆ ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದೆ. ದೊಡ್ಡ ಬ್ಯಾಟರಿ ಕೂತಿತು. ಆಷಾಢದ ಆ ಮೂರು ದಿನ ಹುಡುಗ ದಿನಕ್ಕೊಮ್ಮೆ ಜನರೇಟರ್ ಹಚ್ಚಿ ಅದನ್ನು ತುಂಬಿಸಿಕೊಂಡ. ನಾನೂ ನೆರೆಮನೆಯ ಜನರೇಟರಿನಲ್ಲಿ ನನ್ನ ಎರಡೂ ಬ್ಯಾಟರಿಗಳನ್ನು ತುಂಬಿಸಿಕೊಂಡೆ.

ಮೋಡೆಮಿನ ಪೇಜಿನಲ್ಲಿ ಆರ್‌ಎಕ್ಸ್ ಪವರ್ (ಮೋಡೆಮಿಗೆ ತಲುಪುವ ಬೆಳಕಿನ ಬಲ) ನೋಡುತ್ತಿರಿ. ಮೈನಸ್ 20ರ ಆಸುಪಾಸು ಇದ್ದರೆ ಸೈ. ಮೈನಸ್ 27 ದಾಟಿತು ಅಂದರೆ ಜಾಯಿಂಟೋ ಕೇಬಲ್ಲೋ ಎಲ್ಲೋ ಹಾಳಾಗಿರಬಹುದು. ನನ್ನದು ಮಳೆಗಾಲದುದ್ದಕ್ಕೂ 21ರಲ್ಲೇ ನಿಂತಿದೆ. ಮಂಗ ಮತ್ತು ಮರದ ಕೊಂಬೆಯಿಂದ ತಪ್ಪಿಸಿ ಕಂಬದಿಂದ ಕೇಬಲ್ ಹೇಗೆ ತಂದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಜಾಗದ ವಿಷಯ. ಮೊದಲು ಮೆತ್ತಿನ (ಮಹಡಿಯ) ಮೇಲೆ ಕೂತಿದ್ದೆ, ಗಾಳಿ ಬೆಳಕು ಚೆಂದ. ಪಕ್ಕದ ತಗಡಿಗೆ ಮಳೆ ಬಿದ್ದರೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಈಗ ಕೆಳಗೆ, ಹಳೆ ಉಗ್ರಾಣದಲ್ಲಿದ್ದೇನೆ. ದಪ್ಪ ಮಣ್ಣಿನ ಗೋಡೆ. ಹಿಂದಿನ ಗೋಡೆಗೆ ಎರಡು ಕಂಬಳಿ ಇಳಿಬಿಟ್ಟ ಮೇಲೆ ಗುಂಯ್ ಅನ್ನುವುದೂ ನಿಂತಿತು. ಮೇಜು ಹಲಸಿನ ಹಲಗೆಯದು, ಬಡಗಿಗೆ ಕೊಟ್ಟದ್ದು 2,500. ಕುರ್ಚಿ ಬೆಂಗಳೂರಿನಲ್ಲಿ ಆಫೀಸು ಖಾಲಿ ಮಾಡಿದವರಿಂದ ಐದು ಸಾವಿರಕ್ಕೆ ಸಿಕ್ಕಿತು. ಬೂಸಲಿಗೆ ಸಿಲಿಕಾ ಪೊಟ್ಟಣ, ಇದ್ದಿಲು ಎಲ್ಲ ನೋಡಿದೆ, ಪ್ರಯೋಜನವಿಲ್ಲ. ಕಪಾಟಿನ ಕೆಳಗೆ 40 ವ್ಯಾಟಿನ ಹಳೆ ಬಲ್ಬು ಉರಿಸಿ, ಮೇಲಿನ ಹಲಗೆಯಲ್ಲಿ ಲ್ಯಾಪ್‌ಟಾಪ್ ಇಟ್ಟರೆ ಸಾಕು. ಕರೆಂಟಿದ್ದ ದಿನ ಮಾತ್ರ.

ಸೋಲಾರ್ ಬೇಸಿಗೆಗೆ ಸರಿ, ಜುಲೈಯಲ್ಲಿ ಏನೂ ಸಾಲದು. ಅದಕ್ಕೇ ತೋಟದ ಮೇಲಿನ ಹಳ್ಳಕ್ಕೆ ಪೈಪ್ ಇಳಿಸಿ ಸಣ್ಣ ಟರ್ಬೈನ್ ಕೂರಿಸಿ ನೋಡುತ್ತಿದ್ದೇನೆ. ಕರೆಂಟು ಬರುತ್ತದೆ, ಆದರೆ ಜಾಳಿಗೆಗೆ ದರಕು (ಒಣಗಿದ ಎಲೆ) ಕಟ್ಟಿಕೊಳ್ಳುತ್ತದೆ. ದಿನಕ್ಕೆರಡು ಸಲ ಹೋಗಿ ಬಿಡಿಸಬೇಕು.

ದಿನಚರಿಯಲ್ಲಿ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಐದೂವರೆಯಿಂದ ಎಂಟು, ತಲೆ ಓಡಿಸುವ ಕೆಲಸ ಅಷ್ಟೂ ಆಗಲೇ. ಆಮೇಲೆ ದೋಸೆ, ತೋಟ. ಮಧ್ಯಾಹ್ನ ಮೂರು ಗಂಟೆ ಕೆಲಸ, ಸಂಜೆ ಕಾಲ್. ಅಡಿಕೆ ಕೊನೆಕೊಯ್ಲಿನಲ್ಲಿ ಮಾತ್ರ ಮಧ್ಯಾಹ್ನದ್ದನ್ನು ರಾತ್ರಿಗೆ ತಳ್ಳುತ್ತೇನೆ. ಮ್ಯಾನೇಜರಿಗೆ ಮೊದಲೇ ಹೇಳಿಟ್ಟಿದ್ದೇನೆ.

ಪೇಟೆಯ ಆ ಬ್ಯಾಟರಿಗೆ ಈಗ ಮನೆಗೆ ತಿಂಗಳಿಗೆ 50 ರೂಪಾಯಿ ಎತ್ತಿಡುತ್ತಿದ್ದೇವೆ. ಮೇ ಮುಗಿಯುವುದರೊಳಗೆ ಡಿಸ್ಟಿಲ್ಡ್ ವಾಟರ್ ತುಂಬಿ, ಟರ್ಮಿನಲ್ ಒರೆಸಿ ವ್ಯಾಸಲೀನ್ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದಿದೆ.